ಪರದೇಶದ ದ್ರಾಕ್ಷಾತೋಟ: ಬಾರ್ಟನ್ ಮನೆತನದ ಮೂರು ಶತಮಾನಗಳು

ದ್ರಾಕ್ಷಾತೋಟವೊಂದನ್ನು ಕೊಳ್ಳಬೇಕೆಂದು ಹಟ ಹಿಡಿದ ಅಹಾಬನ ಕಥೆ ನಿಮಗೆ ನೆನಪಿರಬಹುದು. ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಅಹಾಬನು ನಾಬೋತನಿಗೆ ಅದಕ್ಕಿಂತ ಉತ್ತಮವಾದ ತೋಟವನ್ನು ಕೊಡುತ್ತೇನೆನ್ನುತ್ತಾನೆ, ಬೇಡವಾದರೆ ಬೆಲೆಯನ್ನೇ ಕೊಡುತ್ತೇನೆನ್ನುತ್ತಾನೆ. ನಾಬೋತನು ಒಪ್ಪುವುದಿಲ್ಲ. ಅದು ಅವನ ಪಿತೃಗಳ ಸ್ವಾಸ್ತ್ಯ. ಮುಂದೆ ನಡೆದ ಅನ್ಯಾಯವನ್ನು ನಾವೆಲ್ಲರೂ ಬಲ್ಲೆವು. ಈ ಪ್ರಸಂಗವನ್ನು ಓದುವಾಗ ನಮ್ಮ ಮನಸ್ಸು ಸಹಜವಾಗಿಯೇ ನಾಬೋತನ ಪಕ್ಷ ವಹಿಸುತ್ತದೆ. ಆದರೆ ನ್ಯಾಯವಾಗಿ ಬೆಲೆ ಕೊಟ್ಟು, ಮಾರಲು ಒಪ್ಪಿದವನಿಂದಲೇ, ತನ್ನದಲ್ಲದ ನಾಡಿನಲ್ಲಿ ದ್ರಾಕ್ಷಾತೋಟವನ್ನು ಕೊಂಡವನ ಪಾಡೇನು? ಪಿತೃಗಳ ಸ್ವಾಸ್ತ್ಯವಲ್ಲದ ಭೂಮಿ ಅವನಿಗೆ ಎಂದಾದರೂ ಮನೆಯಾದೀತೇ? ಆ ನಾಡು ಅವನನ್ನು ತನ್ನವನೆಂದು ಒಪ್ಪೀತೇ? ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಐರ್ಲೆಂಡಿನಿಂದ ಫ್ರಾನ್ಸಿಗೆ ಬಂದ ಒಂದು ಮನೆತನದ ಇತಿಹಾಸವನ್ನು ಈ ಪುಟಗಳಲ್ಲಿ ನೋಡೋಣ.

ಬಲಿಪೂಜೆಯ ಪಾತ್ರೆಯಲ್ಲಿ ಮಾತ್ರ ದ್ರಾಕ್ಷಾರಸವನ್ನು ಕಂಡಿರುವ ಓದುಗರಿಗಾಗಿ ಮೊದಲು ಒಂದು ಮಾತು. ದ್ರಾಕ್ಷಾತೋಟವು ಗೋಧಿಯ ಹೊಲದಂತಲ್ಲ. ಬಳ್ಳಿಯನ್ನು ನೆಟ್ಟ ಮೇಲೆ ಬಳಸತಕ್ಕ ಫಸಲು ಬರಲು ಮೂರು ನಾಲ್ಕು ವರ್ಷಗಳು ಬೇಕು. ಉತ್ತಮ ರಸ ಕೊಡುವಷ್ಟು ಬೇರು ಆಳಕ್ಕಿಳಿಯಲು ಇನ್ನೂ ಹಲವು ವರ್ಷಗಳು ಬೇಕು. ಹಿಂಡಿದ ರಸವು ಓಕ್ ಮರದ ಪೀಪಾಯಿಗಳಲ್ಲಿ ಸುಮಾರು ಒಂದೂವರೆ ವರ್ಷ ಕುಳಿತಿರುತ್ತದೆ. ಬಾಟಲಿ ಸೇರಿದ ಮೇಲೂ ಹತ್ತಿಪ್ಪತ್ತು ವರ್ಷ ಕಾದರೆ ಮಾತ್ರ ಅದರ ಪೂರ್ಣ ಗುಣ ಹೊರಹೊಮ್ಮುತ್ತದೆಂದು ಬಲ್ಲವರು ಹೇಳುತ್ತಾರೆ. ಹೀಗಾಗಿ ಬಳ್ಳಿ ನೆಡುವವನು ತನ್ನ ಮೊಮ್ಮಕ್ಕಳ ಹೆಸರಿನಲ್ಲಿ ನೆಡುತ್ತಾನೆ. ಪರದೇಶಿಯಾದವನಿಗೆ ಇದು ಸಣ್ಣ ವಿಷಯವಲ್ಲ. ಅಂಗಡಿಯನ್ನು ಒಂದು ರಾತ್ರಿಯಲ್ಲಿ ಮುಚ್ಚಿ ಹಡಗು ಹತ್ತಬಹುದು. ಬಳ್ಳಿಯನ್ನು ಕಿತ್ತುಕೊಂಡು ಹೋಗಲು ಬರುವುದಿಲ್ಲ.

ಥಾಮಸ್ ಬಾರ್ಟನ್ ಎಂಬವನು 1695ರಲ್ಲಿ ಐರ್ಲೆಂಡಿನ ಫರ್ಮಾನಾ ಸೀಮೆಯಲ್ಲಿ ಹುಟ್ಟಿದನು. ಅವನ ಕುಟುಂಬವು ಪ್ರೊಟೆಸ್ಟಂಟ್ ಜಮೀನ್ದಾರರದು. 1725ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಅವನು ಫ್ರಾನ್ಸಿನ ನೈಋತ್ಯ ಭಾಗದ ಬೋರ್ಡೋ ಬಂದರಿನಲ್ಲಿ ದ್ರಾಕ್ಷಾರಸದ ವ್ಯಾಪಾರವನ್ನು ಆರಂಭಿಸಿದನು. ಬೋರ್ಡೋ ಆಗ ಸಿರಿಯ ಶಿಖರವನ್ನೇರುತ್ತಿದ್ದ ನಗರ. ಆ ಸಿರಿಯಲ್ಲಿ ದ್ರಾಕ್ಷಾರಸದ ಪಾಲು ಮಾತ್ರವಲ್ಲ, ಕೆರಿಬಿಯನ್ ದ್ವೀಪವಾದ ಸಾಂ ದೊಮಾಂಗಿನ ಕಬ್ಬಿನ ತೋಟಗಳಲ್ಲಿ ಗುಲಾಮರು ಸುರಿಸಿದ ಬೆವರಿನ ಪಾಲೂ ದೊಡ್ಡದಿತ್ತೆಂಬುದನ್ನು ಮರೆಯಲಾಗದು. ನದಿಯ ದಡದ ಆ ಸುಂದರ ಕಲ್ಲಿನ ಮನೆಗಳನ್ನು ಹೊಗಳುವ ಪ್ರವಾಸಿ ಗ್ರಂಥಗಳು ಈ ಸಂಗತಿಯನ್ನು ಬಹುಕಾಲ ಹೇಳದೆ ಬಿಟ್ಟಿದ್ದವು.

ವಿದೇಶಿ ವ್ಯಾಪಾರಿಗಳು ನೆಲೆಸಿದ್ದು ನಗರದ ಕೋಟೆಗೋಡೆಗಳ ಹೊರಗಿನ ಒಂದು ಬೀದಿಯಲ್ಲಿ. ಷಾರ್ತ್ರೋಂ ಎಂದು ಅದರ ಹೆಸರು. ಮೌನವ್ರತದ ಕಾರ್ತೂಸಿಯನ್ ಸನ್ಯಾಸಿಗಳು ಹಿಂದೆ ಅಲ್ಲಿ ಬಂದು ನೆಲೆಸಿದ್ದರಿಂದ ಆ ಹೆಸರು ಬಂದಿತು. ಸನ್ಯಾಸಿಗಳ ಮೌನ ನೆಲೆಸಿದ್ದ ಸ್ಥಳದಲ್ಲಿ ಡಚ್, ಜರ್ಮನ್, ಇಂಗ್ಲಿಷ್, ಐರಿಷ್ ವರ್ತಕರ ಗದ್ದಲ ತುಂಬಿತು. ಅವರು ಹಳ್ಳಿಗಳಿಂದ ಹೊಸ ರಸವನ್ನು ಪೀಪಾಯಿಗಳಲ್ಲಿ ಕೊಂಡು, ತಮ್ಮ ನೆಲಮಾಳಿಗೆಗಳಲ್ಲಿ ಮಾಗಿಸಿ, ಲಂಡನ್ ಮತ್ತು ಡಬ್ಲಿನ್ ನಗರಗಳ ರುಚಿಗೆ ತಕ್ಕಂತೆ ಬೇರೆ ಸೀಮೆಗಳ ಗಾಢವಾದ ರಸವನ್ನು ಬೆರೆಸಿ ಹಡಗಿಗೇರಿಸುತ್ತಿದ್ದರು. ತೋಟದ ಒಡೆಯರು ಫ್ರೆಂಚ್ ಶ್ರೀಮಂತರು. ವ್ಯಾಪಾರದ ಒಡೆಯರು ಪರದೇಶಿಗಳು. ಥಾಮಸ್ ಬಾರ್ಟನ್ ಈ ವ್ಯಾಪಾರದಲ್ಲಿ ಅಪಾರ ಹಣ ಗಳಿಸಿದನು. ಅವನ ಊರಿನವರು ಅವನನ್ನು 'ಫ್ರೆಂಚ್ ಟಾಮ್' ಎಂದೇ ಕರೆದರು.

ಹಣವೇನೋ ಬಂದಿತು. ಆದರೆ ಅವನು ಫ್ರಾನ್ಸಿನಲ್ಲಿ ತೋಟವನ್ನು ಕೊಳ್ಳಲಿಲ್ಲ. ಸಾಂ-ಎಸ್ತೆಫ್ ಎಂಬ ಹಳ್ಳಿಯಲ್ಲಿ ಲೆ ಬೋಸ್ಕ್ ಎಂಬ ತೋಟವನ್ನು ಗೇಣಿಗೆ ಹಿಡಿದು, ಅಲ್ಲಿ ಬೇಸಗೆ ಕಳೆಯುತ್ತ ಒಡೆಯನಂತೆ ಬಾಳಿದನು. ಭೂಮಿಯನ್ನು ಕೊಂಡದ್ದು ಮಾತ್ರ ದೂರದ ಐರ್ಲೆಂಡಿನಲ್ಲಿ, ಟಿಪ್ಪರೇರಿ ಸೀಮೆಯ ಗ್ರೋವ್ ಎಂಬಲ್ಲಿ. ಪರದೇಶದಲ್ಲಿ ದುಡಿದು ಊರಿನಲ್ಲಿ ಮನೆ ಕಟ್ಟಿಸುವ ಪದ್ಧತಿಯನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಆದರೆ ಫ್ರೆಂಚ್ ಟಾಮನ ನಿರ್ಧಾರಕ್ಕೆ ಊರಿನ ಮೋಹವಷ್ಟೇ ಕಾರಣವಲ್ಲ. ಅವನ ಎದುರಿಗೆ ಒಂದು ಕಾನೂನು ನಿಂತಿತ್ತು.

ಆ ಕಾನೂನಿಗೆ ಫ್ರೆಂಚರು 'ದ್ರೋವಾ ದೋಬೇನ್' ಎನ್ನುತ್ತಿದ್ದರು. ಅದರ ಸಾರ ಇಷ್ಟೇ: ಫ್ರಾನ್ಸಿನಲ್ಲಿ ಪರದೇಶಿಯೊಬ್ಬನು ಸತ್ತರೆ ಅಲ್ಲಿರುವ ಅವನ ಆಸ್ತಿಯು ಅವನ ಮಕ್ಕಳಿಗಲ್ಲ, ಅರಸನಿಗೆ ಸೇರುತ್ತದೆ. ಬದುಕಿರುವಷ್ಟು ಕಾಲ ಅವನು ಕೊಳ್ಳಬಹುದು, ಮಾರಬಹುದು, ಅನುಭವಿಸಬಹುದು, ಉಯಿಲು ಬರೆಯಲಾರ. ಸ್ವತಂತ್ರನಾಗಿ ಬದುಕಿ ದಾಸನಂತೆ ಸಾಯುತ್ತಾನೆಂಬುದು ಅಂದಿನ ನ್ಯಾಯಶಾಸ್ತ್ರಜ್ಞರ ವಿವರಣೆಯಾಗಿತ್ತು. ಮೊಮ್ಮಕ್ಕಳಿಗಾಗಿ ನೆಡುವ ಬಳ್ಳಿಯ ವಿಷಯದಲ್ಲಿ ಇದಕ್ಕಿಂತ ಕ್ರೂರವಾದ ನಿಯಮ ಇನ್ನಾವುದಿರಬಲ್ಲದು? ಅರಸನಿಂದ ಪೌರತ್ವದ ಪತ್ರ ಪಡೆದರೆ ಈ ನಿಯಮದಿಂದ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಆ ಪತ್ರಕ್ಕೆ ಕಥೋಲಿಕ ವಿಶ್ವಾಸದ ನಿಬಂಧನೆಯಿತ್ತು. 1685ರಲ್ಲಿ ಹದಿನಾಲ್ಕನೆಯ ಲೂಯಿಯು ನಾಂತ್ ಶಾಸನವನ್ನು ರದ್ದುಗೊಳಿಸಿದ ಮೇಲೆ ಫ್ರಾನ್ಸಿನ ಪ್ರೊಟೆಸ್ಟಂಟರಿಗೆ ಧಾರ್ಮಿಕ ಸ್ವಾತಂತ್ರ್ಯವಿರಲಿಲ್ಲ. 1787ರವರೆಗೆ ಅವರ ವಿವಾಹಗಳಿಗೆ ಕಾನೂನಿನ ಮಾನ್ಯತೆಯೂ ಇರಲಿಲ್ಲ. ವಿದೇಶಿ ವರ್ತಕರನ್ನು ಅವರ ಹಣದ ಸಲುವಾಗಿ ಸಹಿಸಿಕೊಳ್ಳಲಾಗುತ್ತಿತ್ತು. ಅಷ್ಟೇ.

ಇದನ್ನು ಓದುವಾಗ, ಪಕ್ಕದಲ್ಲಿಯೇ ಇನ್ನೊಂದು ಕುಟುಂಬವನ್ನು ನಿಲ್ಲಿಸಿ ನೋಡಬೇಕು. ಐರ್ಲೆಂಡಿನ ಗಾಲ್ವೇ ಪಟ್ಟಣದ ಜಾನ್ ಲಿಂಚ್ ಕಥೋಲಿಕನು. 1691ರಲ್ಲಿ ಕಥೋಲಿಕ ಅರಸ ಎರಡನೆಯ ಜೇಮ್ಸನ ಪಕ್ಷವು ಸೋತಾಗ ಸಾವಿರಾರು ಐರಿಷ್ ಯೋಧರು ದೇಶ ಬಿಟ್ಟು ಫ್ರಾನ್ಸಿಗೆ ಹೊರಟರು. ಇತಿಹಾಸವು ಅವರನ್ನು 'ಕಾಡು ಬಾತುಗಳು' ಎಂದು ಕರೆದಿದೆ. ಲಿಂಚನೂ ಆ ಕಾಲದಲ್ಲಿಯೇ ಬೋರ್ಡೋ ಸೇರಿದನು. ಅವನು ಬಿಟ್ಟುಬಂದ ನಾಡಿನಲ್ಲಿ 1704ರ ವೇಳೆಗೆ ಜಾರಿಗೆ ಬಂದ ಶಾಸನದ ಪ್ರಕಾರ ಕಥೋಲಿಕನು ಭೂಮಿಯನ್ನು ಕೊಳ್ಳುವಂತಿರಲಿಲ್ಲ. 31 ವರ್ಷಗಳಿಗಿಂತ ಹೆಚ್ಚಿನ ಅವಧಿಗೆ ಗೇಣಿಗೆ ಪಡೆಯುವಂತಿರಲಿಲ್ಲ. ತಂದೆ ಸತ್ತಾಗ ಜಮೀನು ಎಲ್ಲ ಗಂಡುಮಕ್ಕಳಿಗೂ ಚೂರುಚೂರಾಗಿ ಹಂಚಿಹೋಗಬೇಕು. ಹಿರಿಯ ಮಗ ಪ್ರೊಟೆಸ್ಟಂಟನಾದರೆ ಮಾತ್ರ ಎಲ್ಲವೂ ಅವನಿಗೆ. ತಮ್ಮ ಪೂರ್ವಿಕರ ನೆಲದಲ್ಲಿಯೇ ಪರದೇಶಿಗಳಾಗಿದ್ದ ಜನರು ಇವರು.

ಬೋರ್ಡೋದಲ್ಲಿ ಲಿಂಚ್ ಕುಟುಂಬಕ್ಕೆ ಬಾಗಿಲು ತೆರೆಯಿತು. ಆ ನಗರದಲ್ಲಿ 1603ರಿಂದಲೇ ಐರಿಷ್ ಗುರುವಿದ್ಯಾಮಂದಿರವಿತ್ತು. ಸ್ವದೇಶದಲ್ಲಿ ತರಬೇತಿ ಪಡೆಯಲಾರದ ಗುರುಗಳು ಅಲ್ಲಿ ಸಿದ್ಧರಾಗುತ್ತಿದ್ದರು. ಜಾನನ ಮಗ ಥಾಮಸ್ ಲಿಂಚ್ ಸ್ಥಳೀಯ ಕುಟುಂಬದ ಹೆಣ್ಣನ್ನು ಮದುವೆಯಾದನು. ಆ ಸಂಬಂಧದ ಮೂಲಕ 1749ರಲ್ಲಿ ಪೋಯಾಕ್ ಗ್ರಾಮದ ಬಾಜ್ ಎಂಬ ತೋಟವು ಅವರ ಕೈಸೇರಿತು. ಇಂದಿಗೂ ಆ ದ್ರಾಕ್ಷಾರಸದ ಹೆಸರು ಲಿಂಚ್-ಬಾಜ್. ಜಾನನ ಮೊಮ್ಮಗ ಝಾಂ-ಬಾಪ್ತಿಸ್ತ್ ಲಿಂಚ್ 1809ರಲ್ಲಿ ಬೋರ್ಡೋ ನಗರದ ಮೇಯರ್ ಆದನು. ಆತನು ನೆಪೋಲಿಯನ್ನನಿಂದ ಪದವಿ ಪಡೆದು, 1814ರ ಮಾರ್ಚ್ 12ರಂದು ಅದೇ ನೆಪೋಲಿಯನ್ನನ ವಿರುದ್ಧ ಬಂದ ಇಂಗ್ಲಿಷ್ ಸೇನೆಗೆ ನಗರದ ಬಾಗಿಲು ತೆರೆದು, ಬೂರ್ಬೋನ್ ಅರಸರಿಗೆ ಜಯಕಾರ ಹಾಕಿದವನು. ಅವನ ನಿಷ್ಠೆಯ ಬಗ್ಗೆ ನನಗೆ ದೊಡ್ಡ ಗೌರವವೇನೂ ಇಲ್ಲ. ಆದರೆ ನಿರಾಶ್ರಿತನೊಬ್ಬನ ಮೊಮ್ಮಗ ನಗರಾಧ್ಯಕ್ಷನಾದದ್ದು ಸಣ್ಣ ಸಂಗತಿಯಲ್ಲ.

ಎಂಥ ವಿಪರ್ಯಾಸ! ಕಥೋಲಿಕ ಲಿಂಚನು ಐರ್ಲೆಂಡಿನಲ್ಲಿ ಭೂಮಿ ಕೊಳ್ಳಲಾರ, ಫ್ರಾನ್ಸಿನಲ್ಲಿ ಕುಲೀನನಾಗುತ್ತಾನೆ. ಪ್ರೊಟೆಸ್ಟಂಟ್ ಬಾರ್ಟನ್ ಐರ್ಲೆಂಡಿನಲ್ಲಿ ಬೇಕಾದಷ್ಟು ಭೂಮಿ ಕೊಳ್ಳಬಲ್ಲ. ಫ್ರಾನ್ಸಿನಲ್ಲಿ ಗೇಣಿದಾರನಾಗಿಯೇ ಉಳಿಯುತ್ತಾನೆ. ಇಬ್ಬರೂ ಒಂದೇ ದ್ವೀಪದ ಮಕ್ಕಳು, ಒಂದೇ ಬಂದರಿನ ವರ್ತಕರು. ಐರ್ಲೆಂಡಿನ ಕಥೋಲಿಕರು ಅನುಭವಿಸಿದ ಕಷ್ಟವನ್ನು ನಮ್ಮ ಧರ್ಮಸಭೆಯ ಚರಿತ್ರೆಯ ಪುಸ್ತಕಗಳಲ್ಲಿ ವಿವರವಾಗಿ ಓದುತ್ತೇವೆ; ಅದೇ ಕಾಲದಲ್ಲಿ ಕಥೋಲಿಕ ಅರಸನ ಆಳ್ವಿಕೆಯಲ್ಲಿ ಇತರರಿಗೆ ಏನಾಗುತ್ತಿತ್ತೆಂಬುದನ್ನೂ ಅಷ್ಟೇ ವಿವರವಾಗಿ ಓದುವುದು ನ್ಯಾಯ.

ಫ್ರೆಂಚ್ ಟಾಮ್ 1780ರಲ್ಲಿ, 85 ವರ್ಷದ ವೃದ್ಧನಾಗಿ ತೀರಿಕೊಂಡನು. ತಂದೆ ಮಗನಿಗೆ ಹೊಂದಿಕೆಯಿರಲಿಲ್ಲ; ಮಗ ವಿಲಿಯಂ ಐರ್ಲೆಂಡಿನ ಜಮೀನಿನತ್ತ ಮುಖ ಮಾಡಿದನು. ವ್ಯಾಪಾರವನ್ನು ಎತ್ತಿ ಹಿಡಿದವನು 1766ರಲ್ಲಿ ಹುಟ್ಟಿದ ಮೊಮ್ಮಗ ಹ್ಯೂ ಬಾರ್ಟನ್. 1791ರಲ್ಲಿ ಅವನು ಬೋರ್ಡೋದ ಮತ್ತೊಂದು ಐರಿಷ್ ವರ್ತಕ ಕುಟುಂಬದ ಆ್ಯನಾ ಜಾನ್ಸ್ಟನ್‌ಳನ್ನು ವಿವಾಹವಾದನು. ಕಾಲವಾದರೋ ಕ್ರಾಂತಿಯದು. ಪರದೇಶಿಯ ಆಸ್ತಿಯನ್ನು ನುಂಗುವ ಹಳೆಯ ಕಾನೂನನ್ನು ಕ್ರಾಂತಿಯ ಶಾಸನಸಭೆಯು 1790ರಲ್ಲಿ ಉದಾರ ಮನಸ್ಸಿನಿಂದ ರದ್ದುಗೊಳಿಸಿತ್ತು. ಮನುಷ್ಯರೆಲ್ಲರೂ ಸಹೋದರರೆಂದು ಸಾರುತ್ತಿದ್ದ ದಿನಗಳು. ಮೂರೇ ವರ್ಷ ಕಳೆದಿತ್ತು. ಬ್ರಿಟನ್ನಿನೊಡನೆ ಯುದ್ಧ ಆರಂಭವಾಯಿತು. 1793ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನಲ್ಲಿದ್ದ ಬ್ರಿಟಿಷ್ ಪ್ರಜೆಗಳನ್ನೆಲ್ಲ ಬಂಧಿಸಬೇಕೆಂದು ಆಜ್ಞೆ ಹೊರಟಿತು. ಹ್ಯೂ ಬಾರ್ಟನ್ ಸೆರೆಮನೆ ಸೇರಿದನು. ಅವನ ಅಜ್ಜ ಆ ನಗರಕ್ಕೆ ಬಂದು ಆಗಲೇ 68 ವರ್ಷಗಳಾಗಿದ್ದವು.

ಕೊನೆಗೆ ಅವನು ಸೆರೆಯಿಂದ ಹೊರಬಂದು, ದೇಶವನ್ನು ಬಿಟ್ಟು ಐರ್ಲೆಂಡ್ ಸೇರಿದನು. ವ್ಯಾಪಾರದ ಗತಿ? ಇಲ್ಲಿ ದಾನಿಯೆಲ್ ಗೆಸ್ತಿಯೇ ಎಂಬ ಫ್ರೆಂಚ್ ಗೃಹಸ್ಥನು ಕಥೆಯೊಳಗೆ ಬರುತ್ತಾನೆ. ಅವನ ತಂದೆ ಫ್ರೆಂಚ್ ಟಾಮನ ಲೆ ಬೋಸ್ಕ್ ತೋಟವನ್ನು ನೋಡಿಕೊಂಡವನು. ದಾನಿಯೆಲ್ ಸ್ವತಃ ಹಡಗು ವ್ಯವಹಾರದಲ್ಲಿ ನುರಿತವನು. ಬಾರ್ಟನ್ನನ ಅನುಪಸ್ಥಿತಿಯಲ್ಲಿ ಅವನು ಇಡೀ ವ್ಯವಹಾರವನ್ನು ತನ್ನ ಹೊಣೆಗೆ ತೆಗೆದುಕೊಂಡನು. ಮನಸ್ಸು ಮಾಡಿದ್ದರೆ ಎಲ್ಲವನ್ನೂ ತನ್ನದಾಗಿ ಮಾಡಿಕೊಳ್ಳಬಹುದಿತ್ತು. ಶತ್ರುದೇಶದವನೊಬ್ಬನು ಯಾವ ನ್ಯಾಯಾಲಯಕ್ಕೆ ಹೋಗಿ ದೂರು ಕೊಟ್ಟಾನು? ಗೆಸ್ತಿಯೇ ಹಾಗೆ ಮಾಡಲಿಲ್ಲ. ಅವನು ಫ್ರಾನ್ಸಿನಲ್ಲಿ ಕೊಳ್ಳುತ್ತಿದ್ದನು, ಬಾರ್ಟನ್ ಸಮುದ್ರದಾಚೆ ಮಾರುತ್ತಿದ್ದನು. 1802ರಲ್ಲಿ, ಆಮಿಯೆನ್ಸ್ ಒಪ್ಪಂದದಿಂದ ಅಲ್ಪಕಾಲ ಶಾಂತಿ ನೆಲೆಸಿದ ವರ್ಷದಲ್ಲಿ, ಬಾರ್ಟನ್ ಮತ್ತು ಗೆಸ್ತಿಯೇ ಎಂಬ ಜಂಟಿ ಹೆಸರಿನಲ್ಲಿ ಸಂಸ್ಥೆಯು ರೂಪುಗೊಂಡಿತು. ಯುದ್ಧವು ಮತ್ತೆ ಹೊತ್ತಿಕೊಂಡು 1815ರವರೆಗೆ ನಡೆಯಿತು. ವಿಶ್ವಾಸವು ಅಷ್ಟು ವರ್ಷಗಳೂ ಉಳಿದುಬಂದಿತು.

ಇಷ್ಟಾದರೂ ಹ್ಯೂ ಬಾರ್ಟನ್ ತೋಟವನ್ನು ಕೊಂಡಿರಲಿಲ್ಲ. ಏಕೆಂದರೆ ಕಾನೂನು ಮತ್ತೆ ಹಿಂದಕ್ಕೆ ಸರಿದಿತ್ತು. 1804ರ ನೆಪೋಲಿಯನ್ ಸಂಹಿತೆಯ ಪ್ರಕಾರ ಪರದೇಶಿಯ ದೇಶವು ಫ್ರೆಂಚರಿಗೆ ಕೊಟ್ಟಷ್ಟೇ ಹಕ್ಕನ್ನು ಫ್ರಾನ್ಸ್ ಅವನಿಗೆ ಕೊಡುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಯುದ್ಧದಲ್ಲಿ ಸೋತು 70 ಕೋಟಿ ಫ್ರಾಂಕ್ ಪರಿಹಾರವನ್ನು ತೆರಬೇಕಾಗಿ ಬಂದಾಗ ಫ್ರಾನ್ಸಿಗೆ ವಿದೇಶಿ ಬಂಡವಾಳದ ಬೆಲೆ ತಿಳಿಯಿತು. 1819ರ ಜುಲೈ 14ರ ಶಾಸನವು ಪರದೇಶಿಗಳು ಫ್ರಾನ್ಸಿನಲ್ಲಿ ಆಸ್ತಿಯನ್ನು ಪಡೆಯಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು ಎಂದು ನಿರ್ಧರಿಸಿತು. ಕ್ರಾಂತಿಯ ಸಹೋದರಭಾವವು ಮೂರು ವರ್ಷ ಬಾಳಲಿಲ್ಲ. ಖಜಾನೆಯ ಅಗತ್ಯದಿಂದ ಹುಟ್ಟಿದ ಕಾನೂನು ಬಾಳಿತು. ಇದನ್ನು ನೋಡಿ ನಗಬೇಕೋ ಅಳಬೇಕೋ ಓದುಗರೇ ನಿರ್ಧರಿಸಲಿ. (ಐರ್ಲೆಂಡಿನ ಕಥೋಲಿಕರಿಗೆ ಭೂಮಿ ಕೊಳ್ಳುವ ಹಕ್ಕು 1782ರಲ್ಲಿಯೇ ಮರಳಿ ದೊರೆತಿತ್ತು.)

ಎರಡು ವರ್ಷ ಕಳೆದು 1821ರಲ್ಲಿ ಹ್ಯೂ ಬಾರ್ಟನ್ ಸಾಂ-ಜುಲಿಯೆನ್ ಎಂಬ ಹಳ್ಳಿಯಲ್ಲಿ ಪೋಂತೆ-ಲಾಂಗ್ಲ್ವಾ ಎಂಬ ತೋಟವನ್ನು ಮನೆಸಹಿತವಾಗಿ ಕೊಂಡನು. ಆಗ ಅವನಿಗೆ 55 ವರ್ಷ. ಬೋರ್ಡೋದಿಂದ ಉತ್ತರಕ್ಕೆ, ಜಿರೋಂದ್ ಅಳಿವೆ ಮತ್ತು ಅಟ್ಲಾಂಟಿಕ್ ಸಮುದ್ರದ ನಡುವೆ ನಾಲಿಗೆಯಂತೆ ಚಾಚಿಕೊಂಡಿರುವ ಮೆದೊಕ್ ಎಂಬ ಸೀಮೆಯಲ್ಲಿ ಆ ಹಳ್ಳಿಯಿದೆ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಬಂದು ಅಲ್ಲಿಯ ಜೌಗುನೆಲದ ನೀರನ್ನು ಬಸಿದು ಹೊರಹಾಕಿದರು. ಅಲ್ಲಿಯ ಮಣ್ಣು ಬಹುಪಾಲು ನೊರಜುಗಲ್ಲು. ಇತರ ಬೆಳೆಗೆ ಬಡಭೂಮಿಯಾದರೂ, ನೀರು ನಿಲ್ಲದಿರುವುದರಿಂದ, ಹಗಲಿನ ಬಿಸಿಯನ್ನು ಕಲ್ಲುಗಳು ಹಿಡಿದಿಟ್ಟುಕೊಳ್ಳುವುದರಿಂದ, ದ್ರಾಕ್ಷಿಬಳ್ಳಿಗೆ ಅದುವೇ ಪ್ರಿಯ.

ಹ್ಯೂ ಕೊಂಡ ಮನೆಯನ್ನು 1758ರಲ್ಲಿ ಕಟ್ಟಲಾಗಿತ್ತು. ಕೆಳಗೆ ದ್ರಾಕ್ಷಾರಸದ ಉಗ್ರಾಣ, ಅದರ ಮೇಲೆ ವಾಸದ ಮನೆ. ಮನೆ ಮತ್ತು ದುಡಿಮೆ ಒಂದೇ ಸೂರಿನಡಿ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಅವನು ತೋಟದ ಹೆಸರನ್ನು ಲಾಂಗೋವಾ ಎಂದು ಬದಲಾಯಿಸಿದನು. ಐದು ವರ್ಷಗಳ ತರುವಾಯ, 1826ರಲ್ಲಿ, ನೆರೆಯಲ್ಲಿದ್ದ ಲೆಯೋವಿಲ್ ಎಂಬ ಮಹಾತೋಟದ ಒಂದು ಭಾಗವೂ ಅವನಿಗೆ ದೊರೆಯಿತು. ಆ ಎಸ್ಟೇಟಿನ ಒಡೆಯರಾದ ಲಾಸ್ ಕಾಸ್ ಮನೆತನದವರು ಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟು ಓಡಬೇಕಾಗಿ ಬಂದು, ತೋಟವು ಕ್ರಮೇಣ ಒಡೆದುಹೋಗಿತ್ತು. ಫ್ರೆಂಚ್ ಮಾರ್ಕ್ವಿಸನು ತನ್ನ ದೇಶದಲ್ಲಿಯೇ ಪರದೇಶಿಯಾದನು. ಐರಿಷ್ ವರ್ತಕನು ಅವನ ಬಳ್ಳಿಗಳಿಗೆ ಒಡೆಯನಾದನು. ಈ ಭಾಗಕ್ಕೆ ಮನೆಯಾಗಲಿ ಉಗ್ರಾಣವಾಗಲಿ ಇರಲಿಲ್ಲ. ಆದ್ದರಿಂದ ಲೆಯೋವಿಲ್ ಬಾರ್ಟನ್ ಎಂಬ ದ್ರಾಕ್ಷಾರಸವನ್ನು ಅಂದಿನಿಂದ ಲಾಂಗೋವಾದ ಸೂರಿನಡಿಯಲ್ಲಿಯೇ ತಯಾರಿಸಲಾಗುತ್ತಿದೆ.

ತೋಟ ಕೊಂಡ ಪರದೇಶಿಗಳೆಲ್ಲರೂ ಹೀಗೆ ಬಾಳಲಿಲ್ಲ. ಅದೇ ಮೆದೊಕ್ ಸೀಮೆಯಲ್ಲಿ, ಹ್ಯೂ ಬಾರ್ಟನ್ನನಿಗಿಂತ ಏಳು ವರ್ಷ ಮೊದಲು, 1814ರಲ್ಲಿ ಚಾರ್ಲ್ಸ್ ಪಾಮರ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಮಾರ್ಗೋ ಬಳಿಯ ಗಾಸ್ಕ್ ಎಂಬ ತೋಟವನ್ನು ಕೊಂಡನು. ಅವನು ಬಾತ್ ನಗರದಿಂದ ಚುನಾಯಿತನಾದ ಸಂಸತ್ ಸದಸ್ಯ, ರಾಜಪ್ರತಿನಿಧಿಯ ಆಪ್ತವಲಯದವನು. ಪ್ಯಾರಿಸ್‌ಗೆ ಹೋಗುತ್ತಿದ್ದ ಕುದುರೆಗಾಡಿಯಲ್ಲಿ ಸುಂದರಿಯಾದ ವಿಧವೆಯೊಬ್ಬಳು ತನ್ನ ತೋಟವನ್ನು ವರ್ಣಿಸಿದಳೆಂದೂ, ಪ್ರಯಾಣ ಮುಗಿಯುವುದರೊಳಗೆ ವ್ಯಾಪಾರ ಕುದುರಿತೆಂದೂ ಒಂದು ಕಥೆಯಿದೆ. ಸತ್ಯಾಂಶ ಎಷ್ಟಿದೆಯೋ, ಮನುಷ್ಯರು ದೂರದೇಶದ ತೋಟವನ್ನು ಹೇಗೆ ಕೊಳ್ಳುತ್ತಾರೆಂಬುದಕ್ಕೆ ಆ ಕಥೆ ಒಳ್ಳೆಯ ಚಿತ್ರ. ಪಾಮರ್ ಸುತ್ತಲಿನ ಜಮೀನುಗಳನ್ನೂ ಕೊಂಡು ತೋಟವನ್ನು ಹಿಗ್ಗಿಸಿದನು. ಆದರೆ ಅವನ ಬದುಕು ಲಂಡನ್ನಿನ ಔತಣಕೂಟಗಳಲ್ಲಿತ್ತು. ತೋಟವನ್ನು ಆಳುಗಳೂ ಮಧ್ಯವರ್ತಿಗಳೂ ನಡೆಸಿದರು. ಇಂಗ್ಲಿಷರ ರುಚಿಗೆ ಹೊಂದಿಸಲು ಹೋಗಿ ರಸದ ಸ್ವರೂಪವನ್ನೇ ಬದಲಾಯಿಸಿದನೆಂದೂ ಹೇಳುತ್ತಾರೆ. ಹಣವೆಲ್ಲ ಕರಗಿ, 1843ರಲ್ಲಿ ತೋಟವನ್ನು ಮಾರಬೇಕಾಯಿತು. ಹೆಸರು ಮಾತ್ರ ಉಳಿದುಕೊಂಡಿತು. ಇಂದಿಗೂ ಅದು ಪಾಮರ್.

ಬಾರ್ಟನ್ನನಿಗೂ ಪಾಮರ್‌ನಿಗೂ ಇದ್ದ ವ್ಯತ್ಯಾಸವೇನು? ಬಾರ್ಟನ್ ತೋಟವನ್ನು ಕೊಳ್ಳುವ ಮೊದಲೇ ಅವನ ಮನೆತನವು ಸುಮಾರು ಒಂದು ಶತಮಾನ ಕಾಲ ಆ ಸೀಮೆಯ ರಸವನ್ನು ರುಚಿ ನೋಡಿ, ಬೆಲೆ ಕಟ್ಟಿ, ಮಾರಿತ್ತು. ಯಾವ ದಿಬ್ಬದ ಹಣ್ಣು ಯಾವ ವರ್ಷ ಹೇಗೆ ಮಾಗುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಕೊಳ್ಳುವಿಕೆಯು ಅವರ ವ್ಯಾಪಾರದ ಆರಂಭವಾಗಿರಲಿಲ್ಲ. ಜೊತೆಗೆ, ನೆಲದ ಕೆಲಸವನ್ನು ಬಲ್ಲ ಕುಟುಂಬಗಳು ಅವರೊಡನಿದ್ದವು. ಮೆದೊಕ್ಕಿನಲ್ಲಿ ಒಂದು ಪದ್ಧತಿಯಿತ್ತು: ಒಂದೊಂದು ಕುಟುಂಬಕ್ಕೆ ಇಂತಿಷ್ಟು ಸಾಲು ಬಳ್ಳಿಗಳನ್ನು ವರ್ಷದ ಗುತ್ತಿಗೆಗೆ ಒಪ್ಪಿಸುವುದು, ಕೂಲಿಯ ಜೊತೆಗೆ ವಾಸಕ್ಕೆ ಮನೆ, ಹಿತ್ತಲು, ಸೌದೆ. ಗಂಡ ಸವರಿದ ಬಳ್ಳಿಯ ಕಡ್ಡಿಗಳನ್ನು ಹೆಂಡತಿ ಮಕ್ಕಳು ಆಯ್ದು ಕಟ್ಟುವರು. ತಂದೆಯ ಸಾಲುಗಳನ್ನು ಮಗ ಮುಂದುವರಿಸುವನು. ಒಡೆಯರ ಹೆಸರು ಬಾಟಲಿಯ ಮೇಲೆ ಬರುತ್ತದೆ; ಇವರ ಹೆಸರು ದೇವಾಲಯದ ಜ್ಞಾನಸ್ನಾನದ ದಾಖಲೆಯಲ್ಲಿ ಮಾತ್ರ.

ಹ್ಯೂ ಬಾರ್ಟನ್ ಕೂಡ ಅಜ್ಜನ ಎಚ್ಚರಿಕೆಯನ್ನು ಪೂರ್ಣವಾಗಿ ಮರೆಯಲಿಲ್ಲ. 1831ರಲ್ಲಿ ಅವನು ಐರ್ಲೆಂಡಿನ ಕಿಲ್ಡೇರ್ ಸೀಮೆಯ ಸ್ಟ್ರಾಫನ್ ಎಂಬಲ್ಲಿ ವಿಸ್ತಾರವಾದ ಜಮೀನನ್ನು ಕೊಂಡು, ಫ್ರೆಂಚ್ ಮಾದರಿಯ ಭವ್ಯ ಮನೆಯನ್ನು ಕಟ್ಟಿಸಿದನು. ಫ್ರಾನ್ಸಿನಲ್ಲಿ ಐರಿಷನೆನಿಸಿಕೊಂಡವನು ಐರ್ಲೆಂಡಿನಲ್ಲಿ ಫ್ರೆಂಚ್ ಮನೆ ಕಟ್ಟಿದ್ದು ಸ್ವಾರಸ್ಯಕರ. 1854ರಲ್ಲಿ ಅವನು ತೀರಿಕೊಂಡನು. ಮರುವರ್ಷವೇ ಪ್ಯಾರಿಸ್ಸಿನ ಮಹಾಪ್ರದರ್ಶನಕ್ಕಾಗಿ ಬೋರ್ಡೋದ ದಲ್ಲಾಳಿಗಳು ಮಾರುಕಟ್ಟೆಯ ಬೆಲೆಯ ಆಧಾರದ ಮೇಲೆ ಮೆದೊಕ್ಕಿನ ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಲೆಯೋವಿಲ್ ಬಾರ್ಟನ್ ಎರಡನೆಯ ದರ್ಜೆಯಲ್ಲಿ, ಲಾಂಗೋವಾ ಮೂರನೆಯ ದರ್ಜೆಯಲ್ಲಿ ನಿಂತವು. ಆ ಪಟ್ಟಿಯು ಬಹುಮಟ್ಟಿಗೆ ಇಂದಿಗೂ ಹಾಗೆಯೇ ಇದೆ. ಪಟ್ಟಿಯಲ್ಲಿರುವ ಸುಮಾರು 60 ತೋಟಗಳ ಪೈಕಿ 1855ರಲ್ಲಿದ್ದ ಮನೆತನದ ಕೈಯಲ್ಲಿಯೇ ಇಂದೂ ಇರುವವು ಮೂರೇ: ಬಾರ್ಟನ್ನರ ಎರಡು ತೋಟಗಳು ಮತ್ತು ಮೂತೋನ್. ಮೂತೋನನ್ನು 1853ರಲ್ಲಿ ಕೊಂಡ ನಥಾನಿಯೆಲ್ ಡಿ ರಾತ್‌ಶೀಲ್ಡ್ ಲಂಡನ್ನಿನ ಯೆಹೂದ್ಯ ಕುಟುಂಬದವನು. ಹೀಗೆ ಫ್ರಾನ್ಸಿನ ಹೆಮ್ಮೆಯೆನಿಸಿದ ಪಟ್ಟಿಯಲ್ಲಿ ಅಂದಿನಿಂದ ಇಂದಿನವರೆಗೆ ಕದಲದೆ ನಿಂತವರು ಇಬ್ಬರೂ ಹೊರಗಿನಿಂದ ಬಂದವರು.

ಅನಂತರದ ದಶಕಗಳ ಕಷ್ಟಗಳನ್ನು ಇಲ್ಲಿ ವಿವರಿಸುವುದಿಲ್ಲ. ಬಳ್ಳಿಯ ಬೇರನ್ನೇ ತಿಂದುಹಾಕುವ ಫಿಲೋಕ್ಸೆರಾ ಎಂಬ ಕೀಟವು ಅಮೆರಿಕದಿಂದ ಬಂದು ಫ್ರಾನ್ಸಿನ ತೋಟಗಳನ್ನು ಹಾಳುಮಾಡಿತು. ಅಮೆರಿಕದ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟುವುದೇ ಅದಕ್ಕೆ ಮದ್ದಾಯಿತು. ಫ್ರಾನ್ಸಿನ ಅತ್ಯಂತ ಫ್ರೆಂಚ್ ಎನಿಸಿದ ಬಳ್ಳಿಗಳು ಅಂದಿನಿಂದ ಪರದೇಶದ ಬೇರಿನ ಮೇಲೆ ನಿಂತಿವೆ.

1902ರಲ್ಲಿ ಹುಟ್ಟಿದ ರೊನಾಲ್ಡ್ ಬಾರ್ಟನ್ 1924ರಲ್ಲಿ ಬೋರ್ಡೋಗೆ ಬಂದು, 1929ರಲ್ಲಿ ತೋಟಗಳ ಉತ್ತರಾಧಿಕಾರಿಯಾದನು. ಜಗತ್ತಿನ ಆರ್ಥಿಕತೆಯೇ ಕುಸಿದ ವರ್ಷವದು. ದ್ರಾಕ್ಷಾರಸವನ್ನು ಕೇಳುವವರಿರಲಿಲ್ಲ. ಆ ಕಷ್ಟದಿಂದ ತಲೆಯೆತ್ತುವ ಮೊದಲೇ 1940ರ ಜೂನ್ ಬಂದಿತು. ಜರ್ಮನ್ ಸೇನೆ ಬೋರ್ಡೋವನ್ನು ಹಿಡಿಯಿತು. ರೊನಾಲ್ಡ್ ತಪ್ಪಿಸಿಕೊಂಡು ಹೋಗಿ ಮಿತ್ರರಾಷ್ಟ್ರಗಳ ಸೇನೆಯಲ್ಲಿ ಸೇವೆಗೆ ನಿಂತನು. ಶತ್ರುವಿನ ಆಸ್ತಿಯೆಂದು ತೋಟವು ಮುಟ್ಟುಗೋಲಾಗುವುದು ಖಚಿತವಾಗಿತ್ತು. ಆಗ ಹಳೆಯ ಕಥೆ ಮರುಕಳಿಸಿತು. ಪಾಲುದಾರರಾದ ಗೆಸ್ತಿಯೇ ವಂಶದ ಮತ್ತೊಬ್ಬ ದಾನಿಯೆಲ್ ಜರ್ಮನ್ ಅಧಿಕಾರಿಗಳ ಮುಂದೆ ಹೋಗಿ, ಬಾರ್ಟನ್ ಐರಿಷನೆಂದೂ, ಐರ್ಲೆಂಡ್ ಈ ಯುದ್ಧದಲ್ಲಿ ತಟಸ್ಥ ರಾಷ್ಟ್ರವೆಂದೂ, ಆದ್ದರಿಂದ ತೋಟವನ್ನು ಮುಟ್ಟುವಂತಿಲ್ಲವೆಂದೂ ವಾದಿಸಿದನು. ರೊನಾಲ್ಡ್ ಹುಟ್ಟಿದ್ದು ಲಂಡನ್ನಿನಲ್ಲಿ. ಆ ಗಳಿಗೆಯಲ್ಲಿ ಅವನು ಜರ್ಮನರ ವಿರುದ್ಧವೇ ಸಮವಸ್ತ್ರ ತೊಟ್ಟಿದ್ದನು. ನೀತಿಶಾಸ್ತ್ರದ ತರಗತಿಯಲ್ಲಿ ಒಂದು ಗಂಟೆಯ ಚರ್ಚೆಗೆ ಇದು ತಕ್ಕ ವಿಷಯ. ಮೊದಲ ದಾನಿಯೆಲ್ ಸತ್ಯದಿಂದ ಕಾಪಾಡಿದ್ದನ್ನು ಎರಡನೆಯ ದಾನಿಯೆಲ್ ಅರ್ಧಸತ್ಯದಿಂದ ಕಾಪಾಡಿದನು. ನನ್ನ ಮಟ್ಟಿಗೆ ಅವನನ್ನು ಖಂಡಿಸಲು ಮನಸ್ಸು ಬಾರದು. ಜರ್ಮನ್ ಸೈನಿಕರು ಲಾಂಗೋವಾದಲ್ಲಿ ಬೀಡುಬಿಟ್ಟರೂ ತೋಟವು ಬಾರ್ಟನ್ನರದಾಗಿಯೇ ಉಳಿಯಿತು. ಯುದ್ಧ ಮುಗಿದ ಮೇಲೆ ರೊನಾಲ್ಡ್ ಮರಳಿ ಬಂದು, ಸೊರಗಿದ್ದ ಬಳ್ಳಿಗಳನ್ನು ಕ್ರಮೇಣ ಮತ್ತೆ ನೆಡಿಸಿದನು.

ಇತ್ತ ಐರ್ಲೆಂಡಿನಲ್ಲಿ ಏನಾಯಿತು? ಆಪತ್ಕಾಲದ ಆಸರೆಯೆಂದು, ನಿಜವಾದ ಮನೆಯೆಂದು ಹ್ಯೂ ಬಾರ್ಟನ್ ಕಟ್ಟಿದ ಸ್ಟ್ರಾಫನ್ ಮನೆಯನ್ನು 1949ರಲ್ಲಿ ಮಾರಬೇಕಾಯಿತು. ಈಗ ಅದು ಐಷಾರಾಮಿ ಹೋಟೆಲು. ಅದರ ಗಾಲ್ಫ್ ಮೈದಾನದಲ್ಲಿ 2006ರಲ್ಲಿ ರೈಡರ್ ಕಪ್ ಪಂದ್ಯಗಳು ನಡೆದವು. ಆ ಮನೆಯಲ್ಲಿ 1930ರಲ್ಲಿ ಹುಟ್ಟಿದ ಆ್ಯಂಟನಿ ಬಾರ್ಟನ್ 1951ರಲ್ಲಿ ಫ್ರಾನ್ಸಿಗೆ ಬಂದು ಚಿಕ್ಕಪ್ಪ ರೊನಾಲ್ಡನ ಜೊತೆ ಕೆಲಸಕ್ಕೆ ಸೇರಿದನು. ಮನೆತನದ ಹಳೆಯ ವ್ಯಾಪಾರಸಂಸ್ಥೆಯೂ 1954ರಿಂದ ಕ್ರಮೇಣ ಸೀಗ್ರಾಂ ಎಂಬ ದೊಡ್ಡ ಕಂಪನಿಯ ಪಾಲಾಯಿತು. ಇಂದಿಗೂ ಬಾರ್ಟನ್ ಮತ್ತು ಗೆಸ್ತಿಯೇ ಎಂಬ ಹೆಸರಿನ ಸಂಸ್ಥೆಯಿದೆ, ಅದರಲ್ಲಿ ಬಾರ್ಟನ್ನರಿಲ್ಲ. ಅಂತೂ ಪಿತೃಗಳ ಊರಿನ ಮನೆ ಹೋಯಿತು, ವ್ಯಾಪಾರ ಹೋಯಿತು; ಎಲ್ಲಕ್ಕಿಂತ ಅಪಾಯಕರವೆಂದು ಫ್ರೆಂಚ್ ಟಾಮ್ ಮುಟ್ಟಲು ಅಂಜಿದ್ದ ಫ್ರಾನ್ಸಿನ ಮಣ್ಣು ಮಾತ್ರ ಕೈಯಲ್ಲಿ ಉಳಿಯಿತು.

1983ರಲ್ಲಿ ತೋಟಗಳ ಒಡೆತನ ಆ್ಯಂಟನಿಗೆ ಬಂದಿತು. ಅವನ ಕಾಲದಲ್ಲಿ ಬೋರ್ಡೋದ ದ್ರಾಕ್ಷಾರಸಗಳ ಬೆಲೆ ಗಗನಕ್ಕೇರಿತು. ನೆರೆಯವರೆಲ್ಲ ವರ್ಷದಿಂದ ವರ್ಷಕ್ಕೆ ಬೆಲೆ ಏರಿಸುತ್ತಿದ್ದಾಗ ಅವನು ಮಿತವಾದ ಬೆಲೆಯಲ್ಲಿಯೇ ಮಾರಿ, ಕೊಂಡವರು ಕುಡಿಯಲೆಂದೇ ಕೊಳ್ಳಬೇಕು, ಕೂಡಿಡಲೆಂದಲ್ಲ ಎಂಬ ನಿಲುವಿಗೆ ಹೆಸರಾದನು. ಈ ವಿಷಯದಲ್ಲಿ ಅವನನ್ನು ಮೂರ್ಖನೆಂದವರೂ ಇದ್ದರು. 2022ರ ಜನವರಿಯಲ್ಲಿ, 91ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಾಗ ಇಡೀ ಮೆದೊಕ್ ಅವನನ್ನು ತನ್ನ ಹಿರಿಯನೆಂದು ನೆನೆಯಿತು. ಹೀಗಿದ್ದೂ ತಾನು ಐರಿಷನೆಂಬುದನ್ನು ಅವನು ಎಂದೂ ಬಿಟ್ಟುಕೊಟ್ಟಿರಲಿಲ್ಲ.

ಇಂದು ಬೋರ್ಡೋದಲ್ಲಿ ತೋಟ ಕೊಳ್ಳಲು ಪರದೇಶಿಗೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. 2008ರ ತರುವಾಯದ ಒಂದು ದಶಕದಲ್ಲಿ ಚೀನಾದ ಉದ್ಯಮಿಗಳು ಅಲ್ಲಿ ನೂರಕ್ಕಿಂತ ಹೆಚ್ಚು ತೋಟಗಳನ್ನು ಕೊಂಡರು; 2017ರ ಸುಮಾರಿಗೆ ಕೆಲವು ತೋಟಗಳ ಫ್ರೆಂಚ್ ಹೆಸರುಗಳನ್ನು ಬದಲಾಯಿಸಿ ಮೊಲ, ಜಿಂಕೆಗಳ ಹೆಸರನ್ನಿಟ್ಟಾಗ ಊರಿನವರು ಕೆರಳಿದರು. ಪೋಂತೆ-ಲಾಂಗ್ಲ್ವಾ ಲಾಂಗೋವಾ ಆದದ್ದನ್ನೂ, ಗಾಸ್ಕ್ ಪಾಮರ್ ಆದದ್ದನ್ನೂ ಯಾರೂ ನೆನಪಿಸಿಕೊಂಡಂತೆ ಕಾಣಲಿಲ್ಲ. ಆ ಕೊಳ್ಳುಗರಲ್ಲಿ ಅನೇಕರು ಈಗ ಮಾರಿ ಹೊರಟಿದ್ದಾರೆ. ದ್ರಾಕ್ಷಾರಸ ಕುಡಿಯುವವರೇ ಕಡಿಮೆಯಾಗಿ, ಬಳ್ಳಿಗಳು ಹೆಚ್ಚಾಗಿ, 2023ರಲ್ಲಿ ಫ್ರೆಂಚ್ ಸರ್ಕಾರವು ಬೋರ್ಡೋದ ಸುಮಾರು 9,500 ಹೆಕ್ಟೇರ್ ತೋಟವನ್ನು ಕಿತ್ತುಹಾಕಲು ಹೆಕ್ಟೇರಿಗೆ 6,000 ಯೂರೋ ಪರಿಹಾರ ಕೊಡುವ ಯೋಜನೆಯನ್ನು ಪ್ರಕಟಿಸಿತು. ನೆಡುವುದಕ್ಕಲ್ಲ, ಕೀಳುವುದಕ್ಕೆ ಹಣ!

ಬಾರ್ಟನ್ ಮನೆತನದವರು ಮಾತ್ರ 2011ರಲ್ಲಿ ನೆರೆಯ ಮೂಲಿಸ್ ಗ್ರಾಮದಲ್ಲಿ ಮೋವೆಸಾಂ ಎಂಬ ಇನ್ನೊಂದು ತೋಟವನ್ನು ಕೊಂಡರು. ಕೊಂಡವಳು ಆ್ಯಂಟನಿಯ ಮಗಳು ಲಿಲಿಯನ್, ತನ್ನ ಪತಿ ಮಕ್ಕಳೊಡನೆ. ಈಗ ಮೂರೂ ತೋಟಗಳನ್ನು ನಡೆಸುತ್ತಿರುವುದು ಅವಳ ಕುಟುಂಬವೇ. ಲೆಯೋವಿಲ್ ಬಾರ್ಟನ್ನಿಗೆ ಇಂದಿಗೂ ತನ್ನದೇ ಆದ ಮನೆಯಿಲ್ಲ. ಅದರ ಬಾಟಲಿಯ ಚೀಟಿಯ ಮೇಲೆ ಅಚ್ಚಾಗಿರುವುದು 1821ರಲ್ಲಿ ಹ್ಯೂ ಬಾರ್ಟನ್ ಕೊಂಡ ಲಾಂಗೋವಾದ ಮನೆಯ ಚಿತ್ರ.